ಮೂವತ್ತೇಳನೆಯ ತಂಡ

ತಾತ ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದ. ಮುರಿದದ್ದು ಸೊಂಟದ ಕೀಲು ಎಂದು ಸಂಜೆಯ ಹೊತ್ತಿಗೆ ಗೊತ್ತಾಯಿತು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಲೋಹದ ಗುಂಡು ಕೂರಿಸಬೇಕು, ತಡ ಮಾಡಿದಷ್ಟೂ ಕಷ್ಟ, ತಿಂಗಳು ದಾಟಿದರೆ ಮತ್ತೆ ಎದ್ದು ನಿಲ್ಲುವ ಆಸೆ ಬಿಡಿ ಎಂದರು. ಖರ್ಚು ಎಷ್ಟು ಎಂದು ಕೇಳಿದ ಮೇಲೆ ತಾತನನ್ನು ಮನೆಗೇ ವಾಪಸು ಕರೆತಂದರು.

ದುಡ್ಡು ಹೊಂದಿಸುವ ಓಡಾಟದಲ್ಲೇ ವಾರ ಕಳೆದು, ಮಂಗಳವಾರ ಬೆಳಿಗ್ಗೆ ಚಹಾ ಸೋಸುತ್ತ ಗೆರೆಯಕ್ಕ ಹೇಳಿದಳು: "ಇವತ್ತು ಕೆಲಸದ ಕಡೆಯಿಂದ ಒಂದು ಪತ್ರ ತರ್ತೀನಿ. ಕಂಪನಿ ಕೆಲಸಗಾರರ ಮನೆಯವರಿಗೆ ಅವರ ಆಸ್ಪತ್ರೇಲಿ ಪುಕ್ಕಟೆ ಮಾಡ್ತಾರಂತೆ."

ಗೆರೆಯಕ್ಕ ತಾತನ ತೀರಿಹೋದ ಮಗನ ಹೆಂಡತಿ. ಹೊಲಿಗೆ ಕೇಂದ್ರದಲ್ಲಿ ಸೀಮೆಸುಣ್ಣದ ಗೆರೆ ಎಳೆಯದೆ ನೆಟ್ಟಗೆ ಹೊಲಿಯುವವಳು ಅವಳೊಬ್ಬಳೇ ಆದ್ದರಿಂದ ಆ ಹೆಸರು ಬಂದಿತ್ತು. ಒಂಬತ್ತು ವರ್ಷದಿಂದ ಅದೇ ಕಿಟಕಿ, ಅದೇ ಮಿಷನ್ನು. ರೋಗಿಗಳ ಗೌನು, ನರ್ಸುಗಳ ಸಮವಸ್ತ್ರ, ದಿಂಬಿನ ಚೀಲ, ಎಲ್ಲವೂ ಆ ಕಂಪನಿಯ ಆಸ್ಪತ್ರೆಗೇ ಹೋಗುತ್ತಿತ್ತು.

ಅವಳ ಮಗ ಲೋಟ ಕೆಳಗಿಟ್ಟ. ಅವನು ಹೊಲಿಗೆ ಕೇಂದ್ರದ ಮೇಲಿನ ಮಹಡಿಯಲ್ಲಿ, ಅದನ್ನು ನಡೆಸುವ ಟ್ರಸ್ಟಿನ ಗುಮಾಸ್ತ.

"ಆ ಪತ್ರ ಸಿಗಲ್ಲಮ್ಮ."

"ಯಾಕೆ ಸಿಗಲ್ಲ?"

"ನೀನು ಕಂಪನಿ ಕೆಲಸದವಳಲ್ಲ."

"ಮತ್ತೆ ದಿನಾ ಅಲ್ಲಿ ಕೂತು ನೊಣ ಹೊಡೀತೀನಾ?"

"ಕಲೀತೀಯ. ಕಾಗದದ ಮೇಲೆ ನೀನು ಹೊಲಿಗೆ ಕಲಿಯೋಳು. ನಮ್ಮ ಟ್ರಸ್ಟಿನ ಫಲಾನುಭವಿ."

ಗುಮಾಸ್ತನ ಹೆಂಡತಿ, ಗೆರೆಯಕ್ಕನ ಸೊಸೆ, ಒಲೆ ಸಣ್ಣ ಮಾಡಿ ತಿರುಗಿ ನಿಂತಳು. ಮಂಚದ ಮೇಲಿಂದ ತಾತ, "ಅರ್ಥ ಆಗೋ ಹಾಗೆ ಹೇಳೋ," ಎಂದ.

ಗುಮಾಸ್ತನಿಗೆ ಇದನ್ನು ಹೇಳುವ ಅಭ್ಯಾಸವಿತ್ತು. ಹೊಸ ದಾನಿಗಳಿಗೆ ಹೇಳಿ ಹೇಳಿ ಬಾಯಿಪಾಠವಾಗಿತ್ತು. "ಕಂಪನಿ ತನ್ನ ಲಾಭದಲ್ಲಿ ಒಂದು ಪಾಲು ಸಮಾಜಕ್ಕೆ ಖರ್ಚು ಮಾಡ್ಬೇಕು ಅಂತ ಕಾನೂನಿದೆ ತಾತ. ಇವರು ಮಾಡ್ತಾರೆ. ತಮ್ಮದೇ ಟ್ರಸ್ಟಿಗೆ ಕೊಡ್ತಾರೆ. ಟ್ರಸ್ಟು ನೋಂದಣಿ ಆಗಿದೆ, ಅದಕ್ಕೆ ತೆರಿಗೆ ಇಲ್ಲ. ಟ್ರಸ್ಟು ಬಡ ಹೆಂಗಸರಿಗೆ ಹೊಲಿಗೆ ಕಲಿಸುತ್ತೆ. ಅವರು ಅಭ್ಯಾಸಕ್ಕೆ ಅಂತ ಹೊಲಿದದ್ದು ಆಸ್ಪತ್ರೆಗೆ ಹೋಗುತ್ತೆ."

"ಅಭ್ಯಾಸಕ್ಕೆ ದಿನಕ್ಕೆ ಮೂವತ್ತು ಗೌನಾ?" ಗೆರೆಯಕ್ಕ ಕೇಳಿದಳು.

"ನಿನಗೆ ಕೊಡೋದು ಸಂಬಳ ಅಲ್ಲ, ಪ್ರೋತ್ಸಾಹಧನ. ಅದೂ ದಾನದ ಖರ್ಚಿಗೇ ಸೇರುತ್ತೆ."

"ಕಟ್ಟಡ ಯಾರದು?" ತಾತ ಕೇಳಿದ.

"ಕಂಪನಿ ಯಜಮಾನರ ಹೆಂಡತೀದು. ಟ್ರಸ್ಟು ಬಾಡಿಗೆ ಕಟ್ಟುತ್ತೆ."

"ಅಂದ್ರೆ ಬಲಗಡೆ ಜೇಬಿಂದ ತೆಗೆದು ಎಡಗಡೆ ಜೇಬಿಗೆ ಹಾಕ್ಕೊಳ್ತಾರೆ. ನಡುವೆ ಸರ್ಕಾರ ನಿಂತು ಚಪ್ಪಾಳೆ ತಟ್ಟುತ್ತೆ."

"ಎಲ್ಲಾ ಕಾನೂನಿನ ಪ್ರಕಾರವೇ ತಾತ."

"ಕಾನೂನಿನ ಪ್ರಕಾರ ಅಲ್ಲ ಅಂತ ಯಾರಂದ್ರು?"

ತಾತ ನಲವತ್ತು ವರ್ಷ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸಿದವನು. ಪದಗಳನ್ನು ಉಲ್ಟಾ ಓದಿಯೇ ಕಣ್ಣು ಹಾಳು ಮಾಡಿಕೊಂಡಿದ್ದ. ಅವನು ಆ ಪದವನ್ನು ಬಿಡಿಸಿ ಬಿಡಿಸಿ ಹೇಳಿದ: "ಫಲಾನುಭವಿ. ಸರ್ಕಾರಿ ಕರಪತ್ರದಲ್ಲಿ ಇದನ್ನ ಎಷ್ಟು ಸಲ ಜೋಡಿಸಿದ್ದೀನೋ. ಅರ್ಥ ಈಗ ಆಯ್ತು ನೋಡು. ಫಲ ಅವರಿಗೆ, ಅನುಭವ ನಮಗೆ."

ಗೆರೆಯಕ್ಕ ನಗಲಿಲ್ಲ. ಮೂರು ತಿಂಗಳಿಗೊಮ್ಮೆ ಒಂದು ಅರ್ಜಿಗೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಅದು ಸಂಬಳದ ಕಾಗದ ಎಂದುಕೊಂಡು ಅವಳು ಹಾಕುತ್ತಿದ್ದಳು.

"ಹಾಗಾದ್ರೆ ಆ ಅರ್ಜಿ?"

"ಹೊಸ ತಂಡಕ್ಕೆ ಸೇರೋ ಅರ್ಜಿ. ಮೂರು ತಿಂಗಳಿಗೆ ಒಂದು ತಂಡ. ಒಬ್ಬಳೇ ಅಂತ ಕಾಣಬಾರದಲ್ಲ, ಹೆಸರಿಗೆ ಒಂದು ಸಲ ಇನಿಷಿಯಲ್ ಮುಂದೆ ಹಾಕ್ತೀವಿ, ಇನ್ನೊಂದು ಸಲ ಹಿಂದೆ. ಈಗ ನಡೀತಿರೋದು ಮೂವತ್ತೇಳನೇದು."

"ಹಾಕ್ತೀವಿ ಅಂದ್ರೆ? ಯಾರು ಹಾಕೋದು?"

ಗುಮಾಸ್ತ ಚಹಾದ ಲೋಟ ತಿರುಗಿಸಿದ. "ನಾಲ್ಕು ವರ್ಷದಿಂದ ನಾನೇ."

ಆ ಕೆಲಸವನ್ನು ಅವನಿಗೆ ಕೊಡಿಸಿದ್ದು ಗೆರೆಯಕ್ಕ. ಟ್ರಸ್ಟಿನ ಮೇಡಂ ಹಿಂದೆ ಮುಂದೆ ಸುತ್ತಿ, ಅವರ ಮಗಳ ಮದುವೆಯ ಬಟ್ಟೆಗಳನ್ನು ಪುಕ್ಕಟೆ ಹೊಲಿದುಕೊಟ್ಟು ಕೊಡಿಸಿದ್ದಳು.

"ಹೆತ್ತವಳಿಗೆ ಏನೂ ಬರಲ್ಲ ಅಂತ ವರ್ಷಕ್ಕೆ ನಾಲ್ಕು ಸಲ ಬರೆಯೋಕೆ ನಿನಗೆ ಆ ಕುರ್ಚಿ ಕೊಡಿಸಿದ್ನೇನೋ?"

"ಬರೀದಿದ್ರೆ ನೀನೂ ಇಲ್ಲ, ನಾನೂ ಇಲ್ಲ. ಬಾಡಿಗೆ ಯಾರು ಕಟ್ಟೋದು?"

ಅವಳು ಚಹಾ ಕುಡಿಯದೆ ಚಪ್ಪಲಿ ಮೆಟ್ಟಿದಳು.

ಟ್ರಸ್ಟನ್ನು ನೋಡಿಕೊಳ್ಳುತ್ತಿದ್ದ ಮೇಡಂ ಕೆಟ್ಟವರಲ್ಲ. ಕೆಟ್ಟವರಾಗುವ ಅಗತ್ಯ ಅವರಿಗೆ ಬಂದಿರಲಿಲ್ಲ. ಎಕ್ಸ್‌ರೇ ನೋಡಿ ಅಯ್ಯೋ ಎಂದರು. ಗೆರೆಯಕ್ಕನಿಗೆ ಕುರ್ಚಿ ತೋರಿಸಿದರು.

"ಪತ್ರ ಕೊಡೋಕೆ ಬರಲ್ಲ ಕಣಮ್ಮ. ಪತ್ರ ಕೊಟ್ರೆ ನೀವೆಲ್ಲ ಕೆಲಸಗಾರರು ಅಂತಾಗುತ್ತೆ. ಆಮೇಲೆ ಟ್ರಸ್ಟು ಟ್ರಸ್ಟಾಗಿ ಉಳಿಯಲ್ಲ, ಫ್ಯಾಕ್ಟರಿ ಆಗುತ್ತೆ. ಆದ್ರೆ ಒಂದು ದಾರಿ ಇದೆ. ಆಸ್ಪತ್ರೆಗೆ ಸರ್ಕಾರ ಜಾಗ ಅಗ್ಗಕ್ಕೆ ಕೊಟ್ಟಿದ್ದಕ್ಕೆ ಹತ್ತು ಹಾಸಿಗೆ ಬಡವರಿಗೆ ಅಂತ ಇಡಬೇಕು. ನಮ್ಮ ಫಲಾನುಭವಿಗಳ ಮನೆಯವರನ್ನೇ ಅಲ್ಲಿ ಸೇರಿಸೋದು. ನಿಮ್ಮ ಮಾವನಿಗೂ ಒಂದು ಕೊಡಿಸ್ತೀನಿ."

"ಯಾವಾಗ ಮೇಡಂ?"

"ಇನ್ನು ಹದಿನಾರು ದಿನಕ್ಕೆ ನೋಂದಣಿ ನವೀಕರಣದ ತನಿಖೆ. ಅಧಿಕಾರಿ ಬರ್ತಾರೆ. ಯಾವಾಗಿಂದ ಕಲೀತಿದ್ದೀರಿ ಅಂತ ಕೇಳಿದ್ರೆ, ಎರಡೂವರೆ ತಿಂಗಳು ಅನ್ನಿ. ಹೊಲಿದು ತೋರಿಸಿ ಅಂದ್ರೆ ಎರಡೂವರೆ ತಿಂಗಳಿನವರ ಥರ ಹೊಲೀರಿ. ಅದು ಮುಗೀಲಿ, ಮಾರನೇ ದಿನವೇ ಹಾಸಿಗೆ."

ಮನೆಗೆ ಬಂದು ಹೇಳಿದಾಗ ತಾತ ಗೋಡೆಯ ಕಡೆ ಮುಖ ತಿರುಗಿಸಿದ. "ದಾನದ ಹಾಸಿಗೆ ನನಗೆ ಬೇಡ. ನಿನ್ನ ಕೆಲಸದ ಮೇಲೆ ಕರ್ಕೊಂಡು ಹೋಗೋದಾದ್ರೆ ಬರ್ತೀನಿ. ಅದು ಹಕ್ಕು."

ಅನ್ನ ಬಸಿಯುತ್ತಿದ್ದ ಸೊಸೆ ಸುಮ್ಮನಿರಲಿಲ್ಲ. ಅವಳು ಈ ಮನೆಗೆ ಬಂದು ಎರಡು ವರ್ಷ. ಎಂಟು ದಿನದಿಂದ ತಾತನನ್ನು ಮಗ್ಗುಲು ಹೊರಳಿಸುವುದು, ಒರೆಸುವುದು ಅವಳದೇ ಪಾಲು.

"ಹಕ್ಕು ಬರೋವರೆಗೂ ಬೆಡ್‌ಪ್ಯಾನ್ ಯಾರು ಎತ್ತೋದು ತಾತ?"

"ಏ, ಬಾಯಿ ಮುಚ್ಚು," ಎಂದ ಗುಮಾಸ್ತ.

"ನೀವು ಒಂದು ದಿನ ಎತ್ತಿ ನೋಡ್ರಿ, ಆಮೇಲೆ ಮುಚ್ತೀನಿ. ಅವರ ಬೆನ್ನು ನೋಡಿದ್ದೀರಾ? ಚರ್ಮ ಕೆಂಪಾಗಿದೆ. ನಾಳೆ ನಾಡಿದ್ದು ಹುಣ್ಣಾಗುತ್ತೆ. ಹಕ್ಕು ತಗೊಂಡು ಹಚ್ತೀರಾ ಅದಕ್ಕೆ?"

ತಾತ ತಟ್ಟೆ ಕೇಳಿದ. ಮಲಗಿದಲ್ಲೇ ತಿಂದರೆ ನೆತ್ತಿಗೇರುತ್ತದೆಂದು ಸೊಸೆ ಅವನ ತಲೆ ಎತ್ತಿ ಹಿಡಿದು, ಬೇಳೆ ಕಲಸಿದ ಅನ್ನವನ್ನು ಚಮಚದಲ್ಲಿ ತಿನ್ನಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೂರನೆಯ ವಾರ ಬೆನ್ನಿನ ಕೆಂಪು ಸುಲಿಯಿತು. ಅಂದಿನಿಂದ ತಾತ ಹಕ್ಕಿನ ಮಾತೆತ್ತಲಿಲ್ಲ.

ತನಿಖೆಗೆ ನಾಲ್ಕು ದಿನ ಇರುವಾಗ ಮನೆಯಲ್ಲಿ ಅಭ್ಯಾಸ ಶುರುವಾಯಿತು. ಭಾನುವಾರ ಮಧ್ಯಾಹ್ನ ಗೆರೆಯಕ್ಕ ತನ್ನ ಹಳೆಯ ಮಿಷನ್ನಿನ ಮುಂದೆ ಕೂತಳು. ಸೊಸೆ ಒಂದು ಹರಿದ ಹಾಸಿಗೆ ಹೊದಿಕೆಯನ್ನು ತುಂಡು ಮಾಡಿ ಕೊಟ್ಟಳು.

"ಸೊಟ್ಟಗೆ ಹೊಲೀರಿ ಅತ್ತೆ."

ಗೆರೆಯಕ್ಕ ಬಟ್ಟೆ ತಿರುಗಿಸಿದಳು. ಹೊಲಿಗೆ ಒಂದು ಗೇಣು ವಾರೆಯಾಗಿ ಹೋಯಿತು. ಆಮೇಲೆ ಅವಳಿಗೇ ಗೊತ್ತಿಲ್ಲದಂತೆ ಎಡಗೈ ಬಟ್ಟೆಯನ್ನು ಅಷ್ಟೇ ಅಷ್ಟು ಒಳಗೆಳೆಯಿತು. ಮುಂದಿನದು ನೂಲು ಹಿಡಿದ ಹಾಗೆ ನೆಟ್ಟಗಿತ್ತು.

"ಇದೇನ್ರಿ ಇದು! ನಾನು ಹೊಲಿಯೋ ಥರ ಹೊಲೀರಿ ಅಂದ್ರೆ."

"ನಿನ್ನ ಥರ ಹೊಲಿಯೋಕೆ ನನಗೆ ಇನ್ನೊಂದು ಜನ್ಮ ಬೇಕು."

"ಜಂಬ ನೋಡಿ!" ಸೊಸೆ ಅವಳನ್ನು ಎಬ್ಬಿಸಿ ತಾನೇ ಕೂತಳು. ಪೆಡಲು ಹಿಂದಕ್ಕೆ ತಿರುಗಿತು, ದಾರ ಗಂಟಾಯಿತು, ಬಟ್ಟೆ ಮುದ್ದೆಯಾಗಿ ಸೂಜಿಯ ಕೆಳಗೆ ಸಿಕ್ಕಿಕೊಂಡಿತು. "ಹೀಗೆ! ಇಷ್ಟು ಸುಲಭ!"

ತಾತ ನಕ್ಕ. ನಕ್ಕಾಗ ಸೊಂಟ ಹಿಡಿದು ಅಯ್ಯಯ್ಯೋ ಎಂದ, ಆದರೂ ನಕ್ಕ. ಗುಮಾಸ್ತನೂ ನಕ್ಕ. ಆ ತಿಂಗಳಲ್ಲಿ ಆ ಮನೆಯವರು ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

"ಕಣ್ಣು ಮುಚ್ಚಿ ಹೊಲಿಯಮ್ಮ," ಎಂದ ಗುಮಾಸ್ತ.

ಕಣ್ಣು ಮುಚ್ಚಿ ಹೊಲಿದಳು. ಅದೂ ನೆಟ್ಟಗೇ ಬಂತು.

"ಬಿಡು," ಎಂದ ತಾತ. "ನನ್ನನ್ನ ತಪ್ಪು ಜೋಡಿಸು ಅಂದಿದ್ರೂ ಆಗ್ತಿರಲಿಲ್ಲ. ಕೈ ಕೇಳಲ್ಲ."

"ಕೇಳಬೇಕು ಮಾವ," ಗೆರೆಯಕ್ಕ ಹೇಳಿದಳು. "ನಿಮ್ಮ ಬೆನ್ನು ಕೇಳ್ತಾ ಇದೆಯಾ?"

ಕೊನೆಗೆ ಒಂದು ಉಪಾಯ ಹುಡುಕಿದಳು. ಬಲಗೈ ತೋರುಬೆರಳಿಗೆ ಪಟ್ಟಿ ಕಟ್ಟಿಕೊಂಡು, ಎಡಗೈಯನ್ನು ಮಡಿಲಲ್ಲೇ ಇಟ್ಟುಕೊಂಡರೆ ಹೊಲಿಗೆ ಸ್ವಲ್ಪ ನಡುಗುತ್ತಿತ್ತು. ಅಷ್ಟು ಸಾಕು ಎಂದುಕೊಂಡರು.

ತನಿಖೆಯ ದಿನ ಕೇಂದ್ರದ ಗೋಡೆಗೆ ಸುಣ್ಣ ಬಳಿದಿತ್ತು. ಸಿದ್ಧವಾದ ಗೌನುಗಳ ಗಂಟುಗಳನ್ನು ಮೆಟ್ಟಿಲ ಕೆಳಗಿನ ಕೋಣೆಗೆ ಹಾಕಿ ಬೀಗ ಜಡಿದಿದ್ದರು. ಕರಿಹಲಗೆಯ ಮೇಲೆ 'ಪಾಠ ನಾಲ್ಕು: ಅಂಚು ಮಡಿಸುವುದು' ಎಂದು ಗುಮಾಸ್ತ ಗುಂಡಗೆ ಬರೆದಿದ್ದ. ಕಲಿಸುವ ಶಿಕ್ಷಕಿ ಎಂದು ಯಜಮಾನರ ಕಡೆಯ ಒಬ್ಬ ಹೆಂಗಸು ಬಂದು ನಿಂತಿದ್ದಳು. ಕತ್ತರಿಯನ್ನು ಎಡಗೈಯಲ್ಲಿ ಹಿಡಿದಿದ್ದಳು, ಎಡಚಿಯಲ್ಲದಿದ್ದರೂ.

ಅಧಿಕಾರಿ ಸಣ್ಣಗಿದ್ದ, ದಣಿದ ಮನುಷ್ಯ. ಅವತ್ತು ಅದು ಅವನಿಗೆ ಮೂರನೆಯ ಟ್ರಸ್ಟು. ಕಡತ ತಿರುವಿದ, ನಾಲ್ಕೈದು ಹೆಂಗಸರನ್ನು ಕೇಳಿದ. ಎಲ್ಲರೂ ಎರಡೂವರೆ ತಿಂಗಳು ಎಂದರು. ಗೆರೆಯಕ್ಕನ ಮುಂದೆ ನಿಂತ.

"ನೀವೆಷ್ಟು ದಿನದಿಂದಮ್ಮ?"

"ಎರಡೂವರೆ ತಿಂಗಳು ಸಾರ್."

"ಬೆರಳಿಗೇನಾಯ್ತು?"

"ಸೂಜಿ ಚುಚ್ಚಿಕೊಂಡೆ ಸಾರ್. ಹೊಸಬಳಲ್ವಾ."

ಮೇಡಂ ಮುಖ ಅರಳಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧಿಕಾರಿ ತನ್ನ ಹೆಗಲ ಚೀಲವನ್ನು ಮೇಜಿನ ಮೇಲಿಟ್ಟ. ಚೀಲದ ಪಟ್ಟಿ ಬುಡದಲ್ಲಿ ಕಿತ್ತುಬಂದಿತ್ತು. "ಇದಕ್ಕೊಂದು ಹೊಲಿಗೆ ಹಾಕ್ತೀರಾ? ಕಲಿತದ್ದೂ ನೋಡಿದ ಹಾಗಾಯ್ತು."

ಗೆರೆಯಕ್ಕ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡಳು. ಬಟ್ಟೆಯ ಚೂರಾಗಿದ್ದರೆ ಇಟ್ಟುಕೊಂಡೇ ಇರುತ್ತಿದ್ದಳೇನೋ. ಆದರೆ ಇದು ಒಬ್ಬರು ಹೆಗಲಿಗೆ ಹಾಕಿಕೊಳ್ಳುವ ಚೀಲ, ಒಳಗೆ ದಪ್ಪ ಕಡತಗಳು. ಕೆಟ್ಟದಾಗಿ ಹೊಲಿದರೆ ಬೀದಿಯಲ್ಲಿ ಕಿತ್ತುಹೋಗುತ್ತದೆ. ಅವಳು ಪಟ್ಟಿಯನ್ನು ಮಡಿಸಿ ಸೂಜಿಯ ಕೆಳಗೆ ಇಟ್ಟಳು. ಸೂಜಿ ಬದಲಿಸಿದಳು, ಇದು ದಪ್ಪ ಬಟ್ಟೆ. ಚೌಕ ಹೊಲಿದು, ಚೌಕದೊಳಗೆ ಅಡ್ಡಡ್ಡ ಎರಡು ಗೆರೆ ಹಾಕಿ, ತುದಿಯಲ್ಲಿ ಹಿಂದೆ ಮುಂದೆ ಹೊಡೆದು, ದಾರವನ್ನು ಹಲ್ಲಿನಿಂದ ಕಡಿದಳು. ಎರಡು ನಿಮಿಷವೂ ಆಗಿರಲಿಲ್ಲ. ಎಡಗೈ ಯಾವಾಗ ಮೇಜಿನ ಮೇಲೆ ಬಂತೋ ಅವಳಿಗೆ ಗೊತ್ತಾಗಲಿಲ್ಲ.

ಅಧಿಕಾರಿ ಪಟ್ಟಿಯನ್ನು ಎಳೆದು ನೋಡಿದ. ಅವಳ ಕೈ ನೋಡಿದ, ಹೆಬ್ಬೆರಳ ಪಕ್ಕದಲ್ಲಿ ದಡ್ಡುಗಟ್ಟಿದ ಚರ್ಮ ನೋಡಿದ. ಗುಮಾಸ್ತ ಬಾಗಿಲ ಬಳಿ ನಿಂತು ನೋಡುತ್ತಿದ್ದ.

"ಎರಡೂವರೆ ತಿಂಗಳಿಗೆ ಇಷ್ಟು!" ಎಂದ ಅಧಿಕಾರಿ. "ಮೇಡಂ, ನಿಮ್ಮ ಕಲಿಸೋ ಪದ್ಧತಿ ಬೇರೆ ಸಂಸ್ಥೆಗಳೂ ನೋಡಬೇಕು. ಇವರದೊಂದು ಫೋಟೋ ಬೇಕು, ವರದಿಗೆ ಹಾಕ್ತೀನಿ."

ಅವನು ನಿಜವಾಗಿ ನಂಬಿದನೋ, ನಂಬುವುದು ಸುಲಭ ಎಂದುಕೊಂಡನೋ ಯಾರಿಗೂ ಗೊತ್ತಾಗಲಿಲ್ಲ. ಅಲ್ಲೇ ಒಂದು ಪ್ರಮಾಣಪತ್ರ ತರಿಸಿ, ತನ್ನ ಕೈಯಿಂದಲೇ ಗೆರೆಯಕ್ಕನಿಗೆ ಕೊಟ್ಟ. ತರಬೇತಿ ಪೂರ್ಣಗೊಳಿಸಿ ಸ್ವಾವಲಂಬಿಯಾಗಿದ್ದಾರೆ ಎಂದು ಅದರಲ್ಲಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನೋಂದಣಿ ಐದು ವರ್ಷಕ್ಕೆ ನವೀಕರಣವಾಯಿತು. ಅಧಿಕಾರಿ ಚೀಲವನ್ನು ಹೆಗಲಿಗೇರಿಸಿ ಹೊರಟ.

ಮರುದಿನ ಅವಳು ಕೇಂದ್ರಕ್ಕೆ ಹೋದರೆ ಕಿಟಕಿಯ ಪಕ್ಕದ ಮಿಷನ್ನಿಗೆ ಮುಸುಕು ಹಾಕಿತ್ತು.

"ನಿಮ್ಮದೇ ತಪ್ಪು ಕಣಮ್ಮ," ಎಂದರು ಮೇಡಂ, ನಿಜಕ್ಕೂ ಬೇಸರದಿಂದ. "ನಿಮ್ಮ ಮುಖ ವರದೀಲಿ ಬಂದುಬಿಟ್ಟಿದೆ. ಕಲಿತು ಮುಗೀತು ಅಂತ. ಮುಂದಿನ ತಂಡದಲ್ಲಿ ಅದೇ ಮುಖ ಹೇಗೆ ಹಾಕಲಿ?"

"ಹಾಸಿಗೆ ಮೇಡಂ?"

"ಹಾಸಿಗೆ ಫಲಾನುಭವಿಗಳ ಮನೆಯವರಿಗೆ. ನೀವೀಗ ಸ್ವಾವಲಂಬಿ."

ಅವತ್ತು ಮನೆಯಲ್ಲಿ ಆಲೂಗಡ್ಡೆ ಬೇಯಿಸಿದ್ದು ಹಾಗೇ ಆರಿತು. ಗುಮಾಸ್ತ ಕೂಗಾಡಿದ. "ಒಂದು ಸಲ, ಒಂದೇ ಒಂದು ಸಲ ಕೆಟ್ಟದಾಗಿ ಹೊಲಿಯೋಕೆ ಆಗಲಿಲ್ವಾ ನಿನಗೆ? ಏನು ಸಿಕ್ತು? ಭೇಷ್ ಅನ್ನಿಸ್ಕೊಂಡ್ಯಲ್ಲ, ಹೊಟ್ಟೆ ತುಂಬಿತಾ?"

"ಅವನ ಚೀಲ ಕಣೋ ಅದು. ಕಿತ್ತುಹೋಗ್ತಿತ್ತು."

"ಕಿತ್ತುಹೋಗ್ಲಿ! ನಿನ್ನಪ್ಪನ ಚೀಲಾನಾ?"

"ಇವಳ ಮೇಲೆ ಯಾಕೆ ಹಾರಾಡ್ತೀಯೋ," ತಾತ ಮಂಚದಿಂದ ಹೇಳಿದ. ಅವನ ದನಿ ಈ ನಡುವೆ ತೆಳ್ಳಗಾಗಿತ್ತು. "ನಾನು ಬೀಳಬಾರದಿತ್ತು, ಬಿದ್ದೆ."

"ನೀವು ಸುಮ್ನಿರಿ ತಾತ. ನಿಮ್ಮನ್ನ ಯಾರೂ ಕೇಳ್ತಿಲ್ಲ," ಎಂದಳು ಸೊಸೆ. ಆಮೇಲೆ ಗಂಡನ ಕಡೆ ತಿರುಗಿದಳು. "ಕೂಗಾಟ ಮುಗೀತಾ? ಮುಂದಿನ ತಂಡದಲ್ಲಿ ಜಾಗ ಇದೆಯಾ ಹೇಳಿ."

"ಯಾಕೆ?"

"ನನ್ನ ಹೆಸರು ಬರ್ಕೊಳ್ಳಿ. ನನಗೆ ನಿಜವಾಗ್ಲೂ ಏನೂ ಬರಲ್ಲ. ಯಾವ ಅಧಿಕಾರಿ ಬೇಕಾದ್ರೂ ಬಂದು ನೋಡ್ಲಿ."

ಗುಮಾಸ್ತ ಮರುದಿನ ಮೇಡಂ ಹತ್ತಿರ ಮಾತಾಡಿ ಬಂದ. ಊಟಕ್ಕೆ ಕೂತವನು ತಟ್ಟೆಯನ್ನೇ ನೋಡುತ್ತ ಹೇಳಿದ: "ಸೇರಿಸ್ಕೊಳ್ತಾರೆ. ತಾತನಿಗೆ ಹಾಸಿಗೆನೂ ಕೊಡ್ತಾರೆ. ಆಪರೇಷನ್ನು, ಆಮೇಲೆ ನಡೆಯೋದು ಕಲಿಸೋದು, ಎಲ್ಲಾ. ಆದ್ರೆ ಇವಳು ಕಲಿಯೋ ಪಟ್ಟೀಲಿ ಇರೋವರೆಗೂ ಮಾತ್ರ."

"ಅಷ್ಟೇನಾ? ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ, ಇನ್ನೂ ಏನೋ ಇದೆ," ಎಂದಳು ಗೆರೆಯಕ್ಕ.

"ಕಲಿಸೋಕೆ ಅಲ್ಲಿ ಯಾರಿಗೂ ಬರಲ್ಲ. ಆಸ್ಪತ್ರೆಯಿಂದ ನಾನೂರು ಗೌನು ಕೇಳಿದ್ದಾರೆ. ನೀನು ಬರಬೇಕಂತೆ. ಸ್ವಯಂಸೇವಕಿ ಅಂತ."

"ಅಂದ್ರೆ?"

"ದುಡ್ಡಿಲ್ಲ. ಆದ್ರೆ ನೀನು ಕೊಟ್ಟ ಗಂಟೆಗಳನ್ನ ವರದೀಲಿ ತೋರಿಸ್ತಾರೆ."

ಸೊಸೆ ಚಮಚ ತಟ್ಟೆಗೆ ಕುಕ್ಕಿದಳು. ಗೆರೆಯಕ್ಕ ಮಾತ್ರ ತುತ್ತು ನುಂಗಿ ನೀರು ಕುಡಿದಳು. "ಮಾವನ ಆಪರೇಷನ್ನು ಯಾವತ್ತು?" ಎಂದಷ್ಟೇ ಕೇಳಿದಳು.

ತಾತನನ್ನು ಬುಧವಾರ ಸೇರಿಸಿದರು. ಮಂಚದ ತಲೆಯ ಕಡೆ ಟ್ರಸ್ಟಿನ ಹೆಸರಿನ ಹಲಗೆ ಇತ್ತು. ಗೌನು ತೊಡಿಸಿ, ಮೇಡಂ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅವರು ಹೋದ ಮೇಲೆ ತಾತ ಮೊಮ್ಮಗನನ್ನು ಹತ್ತಿರ ಕರೆದ.

"ನನ್ನ ಬಿಲ್ಲು ಯಾರು ಕಟ್ತಾರೋ?"

"ಟ್ರಸ್ಟು ಕಟ್ಟುತ್ತೆ ತಾತ. ಪೂರ್ತಿ ದರ."

"ಯಾರಿಗೆ?"

"ಆಸ್ಪತ್ರೆಗೆ. ಅಂದ್ರೆ ಕಂಪನಿಗೆ."

"ಟ್ರಸ್ಟಿಗೆ ದುಡ್ಡು ಎಲ್ಲಿಂದ ಬಂತು?"

"ಕಂಪನಿಯಿಂದ."

"ಬಡವರ ಹಾಸಿಗೆ ಅಂತ ಸರ್ಕಾರಕ್ಕೂ ತೋರಿಸ್ತಾರೆ ಅಲ್ವಾ? ಹಾಗಾದ್ರೆ ನನ್ನದೊಂದು ಸೊಂಟ ಎಷ್ಟು ಸಲ ದಾನ ಆಯ್ತು ಅಂತ ಲೆಕ್ಕ ಹಾಕಿ ಹೇಳು." ಗುಮಾಸ್ತ ಬೆರಳು ಮಡಿಸುತ್ತ ಎಣಿಸತೊಡಗಿದ. ಅಷ್ಟರಲ್ಲಿ ನರ್ಸು ಬಂದು ಸೂಜಿ ಚುಚ್ಚಿದಳು.

ಆಪರೇಷನ್ ಆಯಿತು. ಗುಂಡು ಕೂತಿದೆ, ಆದರೆ ತಡವಾಗಿ ಬಂದಿದ್ದೀರಿ, ಸ್ನಾಯು ಬತ್ತಿದೆ, ನಡೆಯಲು ಮೂರು ತಿಂಗಳೋ ನಾಲ್ಕೋ ಬೇಕು, ಅಲ್ಲಿಯವರೆಗೆ ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿಸಬೇಕು ಎಂದರು ಡಾಕ್ಟರು.

ಮುಂದಿನ ಸೋಮವಾರ ಮೂವತ್ತೆಂಟನೆಯ ತಂಡ ಶುರುವಾಯಿತು. ಸ್ವಯಂಸೇವಕರಿಗೆ ಬಾಗಿಲಲ್ಲೇ ಒಂದು ಪುಸ್ತಕ ಇಟ್ಟಿದ್ದರು. ಹೆಸರು, ಬಂದ ಸಮಯ, ಬಂದ ಉದ್ದೇಶ. ಗೆರೆಯಕ್ಕ ಉದ್ದೇಶದ ಅಂಕಣದಲ್ಲಿ 'ಕೆಲಸ' ಎಂದು ಬರೆದಳು. ಮಗ ಮೇಜಿನ ಆಚೆಯಿಂದ ಅದನ್ನು ಓದಿದ. ಸುತ್ತ ನೋಡಿದ.

"ಹಾಗೆ ಬರೀಬಾರದಮ್ಮ."

"ಮತ್ತೆ ಇನ್ನೇನಕ್ಕೆ ಬಂದಿದ್ದೀನೋ?"

ಅವನು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡು, ಅಡಿಪಟ್ಟಿ ಇಟ್ಟು ಆ ಪದದ ಮೇಲೆ ಗೆರೆ ಎಳೆದ. ಮೇಲೆ ಸಣ್ಣಗೆ 'ಸೇವೆ' ಎಂದು ಬರೆದ. ಅವಳು ನೋಡುತ್ತ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಕಿಟಕಿಯ ಪಕ್ಕದ ಮಿಷನ್ನಿನ ಮುಸುಕು ತೆಗೆದಳು. ಕತ್ತರಿಸಿದ ತೋಳುಗಳ ಗಂಟು ಆಗಲೇ ಬಂದು ಕೂತಿತ್ತು.

ಪಕ್ಕದ ಮಿಷನ್ನಿನಲ್ಲಿ ಸೊಸೆ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ಆರನೆಯ ಸಲಕ್ಕೆ ಪೋಣಿಸಿ, ಗೆದ್ದವಳಂತೆ ತಿರುಗಿದಳು.

"ಬಂತು ಅತ್ತೆ! ಇನ್ನು ಹೇಳ್ಕೊಡಿ. ನಾನು ಬೇಗ ಕಲೀತೀನಿ."

ಗೆರೆಯಕ್ಕ ತೋಳಿನ ಅಂಚು ಮಡಿಸುತ್ತ, ತಲೆ ಎತ್ತದೆ ಹೇಳಿದಳು:

"ಬೇಗ ಬೇಡ ಕಣೇ. ಮಾವ ಎದ್ದು ನಡೆಯೋವರೆಗೂ ನಿನಗೆ ಏನೂ ಬರಬಾರದು."